ಸದ್ದಡಗಿದ ಟ್ಯಾಪೆಟ್

ತಲ್ಲೂರಿನ ಹೆದ್ದಾರಿ ಬದಿಯ ಸುಧಾಕರನ ಗ್ಯಾರೇಜಿನ ಮುಂದೆ, ಕಡಲ ದಂಡೆಯ ಬೀಜಾಡಿಯ ಅನೂಪ ಕಾರು ನಿಲ್ಲಿಸಿದ. ಎಂಜಿನ್ ಆರಿಸದೆ ಇಳಿದು ಬಂದ. ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಕಟ್ಟಿದ ಹಳೆಯ ಕಾರದು. ಒಳಗೆಲ್ಲ ಕಬ್ಬಿಣದ ಪೈಪಿನ ಪಂಜರ. ಆ ಪಂಜರದೊಳಗಿಂದ ಅವನ ತಾಯಿ ವನಜ ಮೀನಿನ ಖಾಲಿ ಬುಟ್ಟಿಯ ಸಮೇತ ಹೊರಬರುವುದೇ ಒಂದು ಸಾಹಸವಾಗಿತ್ತು.

"ಕೋಟೇಶ್ವರ ಪೇಟಿಯಂಗೆ ಎಲ್ಲರೂ ಕಾಂತ್ರ್ ಮಾರಾಯ," ಎಂದಳು ಆಕೆ, "ಹುಲಿ ಬೋನಂಗೆ ಕೂಕಂಡ್ ಬಂದ್ ಹಾಂಗ್ ಆತ್ತ್."

ಅನೂಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಕೇಣಿ ಸುಧಾಕರಣ್ಣ. ಟ್ಯಾಪೆಟ್ ಶಬ್ದ ಒಂಚೂರೂ ಇಲ್ಲೆ. ಮದಿ ಮನಿ ಕಾರಿನ್ ಹಾಂಗ್ ಆಯ್ತ್!"

ಸುಧಾಕರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಿವಿಗೊಟ್ಟ. ಕೇಳಿದಷ್ಟೂ ಅವನ ಮುಖ ಇಳಿಯಿತು.

ಮೌನವನ್ನು ಇಷ್ಟಪಡುವ ಮನುಷ್ಯ ಅವನು. ಗಿರಾಕಿಗಳು ಹತ್ತು ಮಾತಾಡಿದರೆ ಅವನದು ಒಂದು ಹೂಂ. ಆದರೆ ಈ ಒಂದು ಮೌನ ಮಾತ್ರ ಅವನಿಗೆ ಬೇಡವಾಗಿತ್ತು. ಎಂಜಿನ್ನಿನ ವಾಲ್ವು ಮುಚ್ಚಿ ಕೂತಾಗ ಅದರ ಕಡ್ಡಿಗೂ, ಕಡ್ಡಿಯನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಟಿಕ್ ಟಿಕ್ ಎಂಬ ಟ್ಯಾಪೆಟ್ ಸದ್ದು ಹುಟ್ಟುವುದು ಆ ಸಂದಿನಲ್ಲೇ. ವಾಲ್ವು ಕೂರುವ ಲೋಹದ ಉಂಗುರಕ್ಕೆ ಸೀಟು ಎನ್ನುತ್ತಾರೆ. ಸೀಟು ಸವೆದರೆ ವಾಲ್ವು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ, ಕಡ್ಡಿ ಮೇಲೇರುತ್ತದೆ, ಸಂದು ಮುಚ್ಚಿ ಸದ್ದಡಗುತ್ತದೆ. ಆಮೇಲೆ ವಾಲ್ವು ಪೂರ್ತಿ ಮುಚ್ಚಲಾರದೆ ಸುಟ್ಟುಹೋಗುತ್ತದೆ.

"ಎಂಜಿನ್ ಆಫ್ ಮಾಡ್," ಎಂದ.

ಮಳೆಗಾಲ ಕಳೆದ ಮೇಲೆ ಈ ಹೆಡ್ಡು ಹೀಗೆ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಧೂಳು ಎಂದುಕೊಂಡು ಏರ್ ಫಿಲ್ಟರ್ ಬದಲಿಸಿದ್ದ. ಎರಡನೆಯ ಸಲ ಪೆಟ್ರೋಲ್ ಕಡಿಮೆ ಹೋಗಿ ಬಿಸಿ ಹೆಚ್ಚಾಗಿದೆಯೆಂದು ಕಾರ್ಬ್ಯುರೇಟರ್ ಸರಿಮಾಡಿದ್ದ. ಎರಡೂ ಸಲ ಸೀಟನ್ನು ಕಟರ್ ಹಿಡಿದು ಹೊಸದಾಗಿ ಕೊರೆದಿದ್ದ. ಉಳಿದಿದ್ದು ಒಂದೇ ಅನುಮಾನ, ತನ್ನ ಕೈ. ಕಟರ್ ತುಸು ಓರೆಯಾದರೂ ಸಾಕು, ವಾಲ್ವು ಒಂದೇ ಮಗ್ಗುಲಿಗೆ ಬಡಿದು ಬಡಿದು ಸೀಟನ್ನು ತಿನ್ನುತ್ತದೆ. ಈಚೆಗೆ ಚಹಾದ ಲೋಟ ಎತ್ತುವಾಗಲೂ ಅವನು ಬೆರಳುಗಳನ್ನು ಗಮನಿಸುತ್ತಿದ್ದ. ಬೈಂದೂರಿನ ಮನೀಷ ರೇಸ್ ಬೈಕಿನ ಹೆಡ್ಡು ತಂದಾಗ, ಪುರುಸೊತ್ತಿಲ್ಲ, ಬೇರೆ ಕಡೆ ಕೊಡು ಎಂದು ಕಳಿಸಿದ್ದ. ಪುರುಸೊತ್ತು ಬೇಕಾದಷ್ಟಿತ್ತು. ಈ ಸಲವೂ ತಪ್ಪು ತನ್ನದೇ ಎಂದಾದರೆ ಕಟರ್ ಮಾರಿಬಿಡುವುದು, ಬರೀ ಆಯಿಲ್ ಬದಲಿಸಿಕೊಂಡು ಇರುವುದು ಎಂದು ನಿಶ್ಚಯಿಸಿದ್ದ. ಯಾರಿಗೂ ಹೇಳಿರಲಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಹೆಡ್ಡು ಬಿಚ್ಚಿ ಬೆಂಚಿನ ಮೇಲೆ ಕವುಚಿದ. ವನಜ ಆಯಿಲ್ ಡಬ್ಬದ ಮೇಲೆ ಕೂತು ಎಲೆ ಅಡಿಕೆ ತೆಗೆದಳು.

ಗಾಳಿ ಒಳಗೆ ಬರುವ ಕಡೆಯ ಸೀಟುಗಳು ಹೊಸದರಂತಿದ್ದವು. ಧೂಳಾಗಿದ್ದರೆ ಮೊದಲು ತಿನ್ನಬೇಕಾದದ್ದು ಅವನ್ನೇ. ಹೂತಿದ್ದು ಬಿಸಿ ಹೊಗೆ ಹೊರಹೋಗುವ ಕಡೆಯವು ಮಾತ್ರ. ಅಲ್ಲಿಯ ಒಂದು ವಾಲ್ವಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಸೀಟಿನ ಮೇಲೆ ಕೂರಿಸಿ, ಸ್ವಲ್ಪವೇ ತಿರುಗಿಸಿದ. ಇನ್ನು ಎತ್ತಿ ನೋಡಬೇಕು. ಕೈ ಓರೆಯಾಗಿದ್ದರೆ ಬಣ್ಣ ಅರ್ಧ ಚಂದ್ರನಂತೆ ಒಂದೇ ಮಗ್ಗುಲಿಗೆ ಮೂಡುತ್ತದೆ.

ಅವನು ಎತ್ತಲಿಲ್ಲ.

"ಎಂತ ಮಾರಾಯ, ದೇವ್ರಿಗೆ ಹೂ ಹಾಕಿ ಪ್ರಸಾದ ಕಾಯ್ತಾ ಇದ್ಯಾ?" ಎಂದಳು ವನಜ.

ಎತ್ತಿದ. ಬಣ್ಣ ಸುತ್ತಲೂ ಒಂದೇ ಅಗಲಕ್ಕೆ, ಎಲ್ಲೂ ತುಂಡಾಗದೆ, ಬಳೆಯಂತೆ ಮೂಡಿತ್ತು. ಉಳಿದವನ್ನೂ ನೋಡಿದ. ಎಲ್ಲವೂ ಬಳೆಯೇ.

ಕಟರ್ ಓರೆಯಾಗಿರಲಿಲ್ಲ. ಆದರೂ ಸೀಟು ಸವೆದಿತ್ತಲ್ಲ! ಪ್ಲಗ್ಗುಗಳನ್ನು ಕೈಗೆ ತೆಗೆದುಕೊಂಡ. ಇಷ್ಟು ಸ್ವಚ್ಛವಾದ ಪ್ಲಗ್ಗನ್ನು ಅನೂಪನ ಕಾರಿನಲ್ಲಿ ಕಳೆದ ವರ್ಷ ಕಂಡಿರಲಿಲ್ಲ, ಆಗೆಲ್ಲ ಮಸಿ ಹಿಡಿದಿರುತ್ತಿದ್ದವು. ಹೆಡ್ಡನ್ನು ಮೂಗಿನ ಹತ್ತಿರ ತಂದು ಮೂಸಿದ.

"ಮೊದ್ಲ್ ಇದ್ನ್ ಬಿಚ್ಚಿರೆ ಬೀಜಾಡಿ ದಡದ್ ವಾಸ್ನಿ ಬತ್ತಿತ್," ಎಂದ.

"ಈಗ ಬಪ್ಪುದ್ ಎಲ್ಲಿಂದ?" ವನಜ ತುಟಿಯ ಕೆಂಪು ಒರೆಸಿಕೊಂಡಳು. "ಮುಂಚೆ ನಮ್ ದೋಣಿ ಕ್ಯಾನಿನ ಪೆಟ್ರೋಲೇ ಇದ್ಕೂ ಹಾಕ್ತಿದ್ದ. ಈಗ ಆ ಕ್ಯಾನ್ ಮುಟ್ಟುದಿಲ್ಲೆ. ದೊಡ್ಡ್ ಮನ್ಷ್ಯ ಆಯ್ದ ಅಂಬ್ರ್."

ಸುಧಾಕರ ಅನೂಪನತ್ತ ತಿರುಗಿದ. ದೋಣಿಯ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಾರೆ. ಸಮುದ್ರದಿಂದ ಬಂದ ಮೇಲೆ ಕ್ಯಾನಿನಲ್ಲಿ ಉಳಿದದ್ದು ಮನೆಯ ಗಾಡಿಗೆ ಹೋಗುವುದು ಬೀಜಾಡಿಯಲ್ಲಿ ಹೊಸತೇನಲ್ಲ.

"ಎಂತಕೆ ನಿಲ್ಸಿದ್ದ್?"

ಅನೂಪ ನೆಲ ನೋಡಿದ. "ಹೋದ್ ವರ್ಷ ಬ್ರಹ್ಮಾವರದ್ ರೇಸಂಗೆ ಎಲ್ಲ ಕೂಗ್ರ್. 'ಹ್ವಾಯ್, ದೋಣಿ ದಡಕ್ ಬಂತ್, ಬಲೆ ಎಲ್ಲಿತ್ತಾ' ಅಂದ್ ಹೇಳಿ. ಹೊಗಿ, ವಾಸ್ನಿ... ನಂಗ್ ನಾಚ್ಕಿ ಆಯ್ತ್."

ಸುಧಾಕರ ಬೆಂಚಿಗೆ ಒರಗಿದ. ಈ ಹೆಡ್ಡಿಗೆ ದೊಡ್ಡ ವಾಲ್ವು ಕೂರಿಸಿದಾಗ ಅಷ್ಟು ದೊಡ್ಡ ಸೀಟು ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಒಂದು ಹಳೆ ಬೋಟಿನ ಡೀಸೆಲ್ ಎಂಜಿನ್ನಿನೊಳಗಿನ ಲೈನರ್ ಎಂಬ ಕೊಳವೆ ಕತ್ತರಿಸಿ, ಲೇತಿನಲ್ಲಿ ತಾನೇ ಉಂಗುರ ಮಾಡಿ ಬಡಿದು ಕೂರಿಸಿದ್ದ. ಅದು ಬೀಡು ಕಬ್ಬಿಣ, ಮೆದು. ರೇಸಿನ ಬಿಸಿಗೆ ಮೆದು ಸೀಟೂ ಉಕ್ಕಿನ ವಾಲ್ವೂ ಕ್ಷಣಮಾತ್ರ ಅಂಟಿಕೊಳ್ಳುತ್ತವೆ. ಬಿಡಿಸಿಕೊಂಡಾಗಲೆಲ್ಲ ಸೀಟಿನ ಒಂದು ಕಣ ಕಿತ್ತು ಹೋಗುತ್ತದೆ. ದೋಣಿಯ ಆಯಿಲ್ ನಡುವೆ ತೆಳುವಾದ ಮಸಿ ಹಾಸಿ ಇಷ್ಟು ಕಾಲ ಕಾಪಾಡಿತ್ತು. ನಾಚಿಕೆಗೆ ಆಯಿಲ್ ನಿಂತಿತು, ಸೀಟು ಸವೆಯತೊಡಗಿತು. ಕೈ ತಪ್ಪಿರಲಿಲ್ಲ, ಆರಿಸಿದ ಲೋಹ ತಪ್ಪಿತ್ತು. ಆ ತಪ್ಪನ್ನು ಒಪ್ಪಿಕೊಳ್ಳಲು ಅವನಿಗೆ ಕಷ್ಟವೇನೂ ಆಗಲಿಲ್ಲ. ಲೋಹವನ್ನು ಬದಲಿಸಬಹುದು.

"ಗಟ್ಟಿ ಸೀಟ್ ತರ್ಸ್ತೆ. ಅದ್ ಬಪ್ಪ ತನ್ಕ ದೋಣಿ ಕ್ಯಾನೇ ಗತಿ."

"ಆಯ್ತ್ವಾರ ಬ್ರಹ್ಮಾವರದಂಗೇ ರೇಸ್, ಅಣ್ಣ. ಮತ್ತ್ ನಗಾಡ್ತ್ರ್."

"ನಗಾಡ್ಲಿ," ಎಂದಳು ವನಜ. "ಹೊಗಿ ಕುಡುಕೆ ಅವ್ರ್ ನಿನ್ನ್ ಹಿಂದೇ ಇರ್ಕಲ್ದಾ? ಕುಡ್ಕಂಡ್ ನಗಾಡ್ಲಿ."

ಅನೂಪನಿಗೂ ನಗು ತಡೆಯಲಾಗಲಿಲ್ಲ. ಸುಧಾಕರ ಸೀಟುಗಳನ್ನು ಮತ್ತೆ ಕೊರೆದು, ಹೆಡ್ಡು ಕೂರಿಸಿ, ತೆಳು ಉಕ್ಕಿನ ಪಟ್ಟಿ ತೂರಿಸಿ ಅಳೆದು ಸಂದು ಸರಿಮಾಡಿದ.

ಭಾನುವಾರ ಬ್ರಹ್ಮಾವರದ ಕೊಯ್ಲಾದ ಗದ್ದೆಯಲ್ಲಿ ಕಾರು ನೀಲಿ ಹೊಗೆ ಬಿಡುತ್ತ ಸುತ್ತು ಹಾಕಿತು. ಹಗ್ಗದಾಚೆಯಿಂದ ಯಾರೋ "ಬಂಗ್ಡೆ ಬಂತ್, ಬಂಗ್ಡೆ!" ಎಂದು ಕೂಗಿದರು. ಅನೂಪ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಎರಡನೆಯವನಾಗಿ ಬಂದ. ಮೊದಲನೆಯ ಕಾರೊಂದನ್ನು ಬಿಟ್ಟು ಉಳಿದವರೆಲ್ಲ ಆ ಹೊಗೆಯಲ್ಲೇ ಇದ್ದರು.

ಸುಧಾಕರ ಎಂಜಿನ್ ತಣ್ಣಗಾಗುವವರೆಗೆ ಅದರ ಪಕ್ಕದಲ್ಲೇ ಕೂತ. ಮೈಕು ನಿಂತಿತು, ಜನ ಚದುರಿದರು, ಗದ್ದೆಗೆ ಕೊಕ್ಕರೆಗಳು ಇಳಿದವು. ಅನೂಪ ಎರಡು ಸಲ ಮಾತಾಡಿಸಲು ಬಂದು, ಅವನ ಮುಖ ನೋಡಿ, ಹಾಗೇ ಹೋದ. ಕೊನೆಗೆ ಸುಧಾಕರ ಎಂಜಿನ್ನಿನ ಮುಚ್ಚಳ ತೆಗೆದು, ಮುಂಚೆ ಸಂದು ಅಳೆದ ಅದೇ ತೆಳು ಪಟ್ಟಿಯನ್ನು ಒಂದೊಂದು ವಾಲ್ವಿಗೂ ತೂರಿಸಿದ. ಎಲ್ಲ ಕಡೆಯೂ ಅದು ಅಂದಿನಷ್ಟೇ ಹಿತವಾದ ಬಿಗಿಯಲ್ಲಿ ಜಾರಿತು; ಒಂದು ಸೀಟೂ ಸವೆದಿರಲಿಲ್ಲ.

ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಫೋನ್ ತೆಗೆದ.

"ಮನೀಷ, ಆ ಬೈಕಿನ ಹೆಡ್ಡ್ ಬೇರೆ ಕಡೆ ಕೊಟ್ಯಾ?"

"ಇಲ್ಲೆ ಅಣ್ಣ. ನಿಮ್ಗೆ ಪುರ್ಸೊತ್ತ್ ಆಪ್ದನ್ನೇ ಕಾಯ್ತಾ ಇದ್ದೆ."

"ನಾಳೆ ತಕಂಡ್ ಬಾ," ಎಂದ ಸುಧಾಕರ. ಅನೂಪ ಆಗಲೇ ಕಾರು ಚಾಲೂ ಮಾಡಿದ್ದ. ಟಿಕ್ ಟಿಕ್ ಟಿಕ್ ಎಂಬ ಸದ್ದಿನಲ್ಲಿ ಮನೀಷ ಮತ್ತೇನೋ ಹೇಳಿದ್ದು ಅವನಿಗೆ ಕೇಳಿಸಲಿಲ್ಲ.