ಸಾಹುಕಾರನೂ ಡುಮ್ಮಿಯೂ

ನನ್ನ ತಂಗಿಗೆ ಜಗಳ ಕಂಡರೆ ಆಗದು. ಮನುಷ್ಯರದು ಹಾಗಿರಲಿ, ಪ್ರಾಣಿಗಳದೂ ಆಗದು. ಯಾರಿಗೂ ಬೇಡವಾದ ದನ, ಕುರಿ, ನಾಯಿಗಳನ್ನೆಲ್ಲ ತಂದು ಸಾಕುವ ತೋಟ ಅವಳದು. ಅವಕ್ಕೆಲ್ಲ ಬೇಯಿಸಿ ಹಾಕುವ ಕರ್ಮ ನನ್ನದು. ಇಲ್ಲಿ ಕುರಿಯ ಬೆನ್ನ ಮೇಲೆ ಕೋಳಿ ನಿದ್ದೆ ಮಾಡುತ್ತದೆ, ಕುಂಟ ನಾಯಿಯ ತಟ್ಟೆಯಲ್ಲಿ ಬಾತುಕೋಳಿ ನೀರು ಕುಡಿಯುತ್ತದೆ. ಯಾರೂ ಯಾರಿಗೂ ಏನೂ ಅನ್ನುವುದಿಲ್ಲ. ಸಾಹುಕಾರ ಮತ್ತು ಡುಮ್ಮಿ ಮಾತ್ರ ಹಾವು ಮುಂಗುಸಿ.

ಸಾಹುಕಾರ ನಮ್ಮ ಮುದಿ ಕುದುರೆ. ಗಾಡಿ ಎಳೆದೂ ಎಳೆದೂ ಮಂಡಿ ಸವೆದಿದೆ, ಗತ್ತು ಸವೆದಿಲ್ಲ. ಡುಮ್ಮಿ ಹಂದಿ, ಮಾನ ಮರ್ಯಾದೆ ಒಂದೂ ಇಲ್ಲದವಳು. ದಿನಾ ಬೆಳಿಗ್ಗೆ ಅವನ ಬೋಗುಣಿಗೆ ಬಾಯಿ ಹಾಕುವಳು, ಅವನು ಕಿವಿ ಮಡಚಿ ಅಟ್ಟುವನು.

"ಮುದುಕ ನೆಮ್ಮದಿಯಾಗಿ ತಿನ್ಲಿ ಅಕ್ಕಾ" ಎಂದು ತಂಗಿ ಇಬ್ಬರ ನಡುವೆ ಮರದ ಗೇಟು ಹಾಕಿಸಿದಳು. ನಾನೂ ಪೀಡೆ ತೊಲಗಿತು ಅಂದುಕೊಂಡೆ.

ಅಂದಿನಿಂದ ಸಾಹುಕಾರ ಬೋಗುಣಿ ಮೂಸಿ ಮುಖ ತಿರುಗಿಸತೊಡಗಿದ. ಕ್ಯಾರೆಟ್ ತುರಿದು ಹಾಕಿದೆ, ಸೇಬು ಹೆಚ್ಚಿ ಹಾಕಿದೆ, ಬಾಯಿಗೆ ಬಂದಂತೆ ಬೈದೆ. ಅವನ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು ಬರುತ್ತಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಕುಸಿದು ಬಿದ್ದಿದ್ದ.

ಡಾಕ್ಟರು ಬಂದು ಅವನ ಹೊಟ್ಟೆ, ಕಾಲು ಒತ್ತಿ ನೋಡಿದರು.

"ರೋಗ ಏನೂ ಕಾಣ್ತಿಲ್ಲ. ಆದ್ರೆ ಕುದುರೆ ಹೀಗೆ ಬಿದ್ಕೊಂಡೇ ಇದ್ರೆ ಉಳಿಯಲ್ಲ. ಮಧ್ಯಾಹ್ನ ಬರ್ತೀನಿ. ಅಷ್ಟರೊಳಗೆ ಏಳದಿದ್ರೆ, ನೋವಿಲ್ದೆ ಕಳಿಸಿಕೊಡೋದೇ ವಾಸಿ."

ನಾವಿಬ್ಬರೂ ತಳ್ಳಿದೆವು, ಎಳೆದೆವು, ಬೇಡಿಕೊಂಡೆವು. ಅವನು ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನ ಡಾಕ್ಟರು ಬಂದು ಚೀಲ ಬಿಚ್ಚುವಾಗ ತಂಗಿ ಅವನ ಕುತ್ತಿಗೆ ತಬ್ಬಿಕೊಂಡು ಕೂತುಬಿಟ್ಟಳು. ಗೇಟಿನಾಚೆ ಡುಮ್ಮಿ ಬೆಳಗಿನಿಂದ ಒಂದೇ ಸಮ ಕಿರುಚುತ್ತಿದ್ದಳು.

"ಬಾರೇ ತಾಯಿ, ಕೊನೇ ಸಲ ಮುಖ ನೋಡ್ಕೊಂಡು ಹೋಗು" ಎಂದು ಗೇಟು ತೆಗೆದೆ.

ಮುಖ ಯಾರಿಗೆ ಬೇಕಿತ್ತು! ನೇರ ಹೋಗಿ ಅವನೆದುರಿನ ಬೋಗುಣಿಗೆ ಬಾಯಿ ಹಾಕಿದಳು.

ಸಾಹುಕಾರನ ಕಿವಿ ಮೊದಲು ನಿಮಿರಿತು, ಆಮೇಲೆ ಹಿಂದಕ್ಕೆ ಮಡಚಿಕೊಂಡಿತು. ಮುಂಗಾಲು ಊರಿದ.

"ದೂರ ಬನ್ರೀ!" ಎಂದು ಡಾಕ್ಟರು ತಂಗಿಯನ್ನು ಎಳೆದುಕೊಂಡರು.

ಒಮ್ಮೆ ಜಾರಿದ. ಬೈಯುವವನಂತೆ ಉಸಿರುಬಿಟ್ಟ. ಎದ್ದೇಬಿಟ್ಟ! ಎದ್ದವನೇ ಡುಮ್ಮಿಯನ್ನು ಅಟ್ಟಿ, ಬೋಗುಣಿಗೆ ತಲೆ ತೂರಿಸಿ ಗಬಗಬ ತಿನ್ನತೊಡಗಿದ. ತಂಗಿ ಅಳುತ್ತಲೇ ನಕ್ಕಳು. ಡುಮ್ಮಿ ಸ್ವಲ್ಪ ದೂರದಲ್ಲಿ ಕೂತು ಕಾದಳು.

ತುಸು ಹೊತ್ತಿಗೆ ಸಾಹುಕಾರ ತಲೆ ಎತ್ತಿ ಪಕ್ಕಕ್ಕೆ ಸರಿದು ನಿಂತ. ಡಾಕ್ಟರು ಬೋಗುಣಿಗೆ ಬಗ್ಗಿ ನೋಡಿದರು.

"ಇನ್ನೂ ಇದೆಯಲ್ರೀ. ಯಾಕೆ ಬಿಟ್ಟ? ಹೊಟ್ಟೆನೋವೇನಾದ್ರೂ..."

ಡುಮ್ಮಿ ಆಗಲೇ ಎದ್ದು ಬರುತ್ತಿದ್ದಳು. ಈ ಸಲ ಅವನು ಕಿವಿ ಮಡಚಲಿಲ್ಲ.

"ಅದು ಅವಳ ಪಾಲು ಡಾಕ್ಟ್ರೇ" ಅಂದೆ.