ಅರ್ಧ ಕಾರಿನ ಅಣ್ಣತಮ್ಮ

ಬಂಟ್ವಾಳದ ಲೋಕನಾಥ ಡಾಕ್ಟ್ರ ಕಾರಿಗೆ ಊರವರಿಟ್ಟ ಹೆಸರು ಅರ್ಧ ಕಾರು. ಸುಳ್ಳೇನಲ್ಲ. ಹಿಂದಿನ ಸೀಟು ಇಲ್ಲ, ತಲೆಯ ಮೇಲೆ ಗಟ್ಟಿಯಾದ ಮಾಡು ಇಲ್ಲ, ಬಾಗಿಲಿನ ಎತ್ತರ ನಿಂತವರ ಮೊಣಕಾಲಿಗಿಂತ ತುಸು ಮೇಲೆ. ಡಿಸ್ಪೆನ್ಸರಿಗೆ ಬರುತ್ತಿದ್ದ ಬೀಯಮ್ಮ ಎಂಬ ಮುದುಕಿ ಅದನ್ನು ಮೊದಲ ಸಲ ಕಂಡಾಗ ಒಂದು ಸುತ್ತು ಬಂದು ನೋಡಿ, ಉಳಿದದ್ದು ಯಾವಾಗ ಬರುತ್ತದೆ ಎಂದು ಕೇಳಿದ್ದಳು. ಅದರಲ್ಲಿ ಕುಳಿತ ಡಾಕ್ಟ್ರ ತಲೆ ರಸ್ತೆ ಬದಿಯಲ್ಲಿ ಕೈಮುಗಿದು ನಿಂತವರ ಸೊಂಟಕ್ಕೆ ಬರುತ್ತಿತ್ತು. ಡಾಕ್ಟ್ರಿಗಿಂತ ಎತ್ತರದಲ್ಲಿ ನಿಲ್ಲುವುದು ಮರ್ಯಾದೆಯಲ್ಲವೆಂದು ಕೆಲವು ಹಳಬರು ಕಾರು ಕಂಡ ಕೂಡಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದರು. ದೂರದಿಂದ ನೋಡಿದವರು ಇವರು ಬೇರೆ ಯಾವುದಕ್ಕೋ ಕೂತಿದ್ದಾರೆಂದು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಚಾರ್ಮಾಡಿ ಘಾಟಿಯ ಮೇಲೆ ಕಾಫಿ ತೋಟವಿದ್ದ ಒಬ್ಬ ದೊರೆ ಐವತ್ತೇಳನೇ ಇಸವಿಯಲ್ಲಿ ತೋಟ ಮಾರಿ ಇಂಗ್ಲೆಂಡಿಗೆ ಹೊರಟ. ತನ್ನ ಮಲೇರಿಯಾ ಗುಣಪಡಿಸಿದ ಡಾಕ್ಟ್ರಿಗಲ್ಲದೆ ಇನ್ನೊಬ್ಬರಿಗೆ ಕೊಡುವುದಿಲ್ಲವೆಂದು ಹಟ ಹಿಡಿದು ಈ ಹಸಿರು ಬಣ್ಣದ ವಿಲಾಯತಿ ಗಾಡಿಯನ್ನು ಅಗ್ಗಕ್ಕೆ ದಾಟಿಸಿ ಹೋದ. ಪುಣ್ಯಾತ್ಮ, ಜೊತೆಗೆ ತೊಗಲಿನ ಸುರುಳಿಯಲ್ಲಿ ಸುತ್ತಿದ ಸ್ಪಾನರುಗಳನ್ನೂ ಕೊಟ್ಟಿದ್ದ. ಅವನ್ನು ಬಿಟ್ಟು ಬೇರೆ ಯಾವ ಸ್ಪಾನರೂ ಆ ಕಾರಿನ ನಟ್ಟಿಗೆ ಕೂರುತ್ತಿರಲಿಲ್ಲ. ಒಂದು ದೊಡ್ಡದಾಗುತ್ತಿತ್ತು, ಇನ್ನೊಂದು ಹೋಗುತ್ತಲೇ ಇರಲಿಲ್ಲ. ಚಕ್ರದ ಕಡ್ಡಿ ಸಡಿಲವಾದರೆ ಸೈಕಲ್ ಅಂಗಡಿಗೆ ಹೋಗಬೇಕು, ಅಂಗಡಿಯವನು ನಗುತ್ತಾನೆ. ಮಳೆ ಬಂದರೆ ಇಳಿದು ಕ್ಯಾನ್ವಾಸು ಎಳೆದು ಹದಿನಾಲ್ಕು ಗುಂಡಿ ಹಾಕಬೇಕು, ಹದಿನಾಲ್ಕನೆಯದನ್ನು ಹಾಕುವಷ್ಟರಲ್ಲಿ ಮಳೆ ಬಿಟ್ಟಿರುತ್ತದೆ. ಯಾವ ಜನ್ಮದ ಸಾಲವೋ ಎಂದು ಡಾಕ್ಟ್ರು ಹಣೆ ಒರೆಸಿಕೊಳ್ಳುತ್ತಿದ್ದರು. ಆದರೂ ಮಾರಲಿಲ್ಲ. ಬೆಳ್ತಂಗಡಿಯ ಇಳಿಜಾರಿನಲ್ಲಿ ಒಂದೊಂದು ದಿನ ಅದು ಓಡುತ್ತಿದ್ದ ಚಂದ ನೋಡಿದವರಿಗೇ ಗೊತ್ತು.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಕಾರ್ಬುರೇಟರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಉಣಿಸುವ ಈ ಸಾಮಾನು ನಮ್ಮ ಮಾಮೂಲಿ ಕಾರುಗಳಿಗೆ ಒಂದು, ಈ ಮಹಾರಾಯನಿಗೆ ಎರಡು. ಎರಡೂ ಸಮನಾಗಿ ಉಸಿರೆಳೆಯಬೇಕು. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ. ಪುಂಜಾಲಕಟ್ಟೆಯ ಮೆಕ್ಯಾನಿಕ್ ಅಬ್ದುಲ್ಲ ಮುಂದಿನದಕ್ಕೆ ಅಣ್ಣನೆಂದೂ ಹಿಂದಿನದಕ್ಕೆ ತಮ್ಮನೆಂದೂ ಹೆಸರಿಟ್ಟಿದ್ದ. ಅವರ ಜಗಳ ಬಿಡಿಸುವ ಅವನ ಕ್ರಮ ಸುಲಭದ್ದು. ಪಪ್ಪಾಯಿ ಎಲೆಯ ಟೊಳ್ಳು ದಂಟೊಂದನ್ನು ಮುರಿದು, ಒಂದು ತುದಿಯನ್ನು ಅಣ್ಣನ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟು ಸುಂಯ್ ಎನ್ನುವ ಶಬ್ದ ಕೇಳುತ್ತಿದ್ದ. ಆಮೇಲೆ ಅದೇ ಕಿವಿಗೆ ತಮ್ಮನದ್ದು. ಎರಡೂ ಒಂದೇ ಸಮ ಕೇಳುವ ತನಕ ಸ್ಕ್ರೂ ತಿರುಗಿಸಿ, ದಂಟು ಎಸೆದು, ಬೀಡಿ ಹಚ್ಚುತ್ತಿದ್ದ.

ಡಾಕ್ಟ್ರಿಗೆ ಇದು ಸರಿಕಾಣಲಿಲ್ಲ. ಶಬ್ದ ಕೇಳುವ ವಿಷಯದಲ್ಲಿ ಅವರಿಗೆ ಇನ್ನೊಬ್ಬರು ಹೇಳಿಕೊಡುವುದೆಂದರೇನು? ಬಂಟ್ವಾಳದಿಂದ ಮುಂಡಾಜೆಯವರೆಗೆ ಕಿವಿ ಎಂದರೆ ಅವರದ್ದೇ ಕಿವಿ. ಎಕ್ಸ್‌ರೇ ಯಂತ್ರದಲ್ಲಿ ಎದೆಯ ಫೋಟೋ ತೆಗೆಸಲು ಮಂಗಳೂರಿಗೇ ಹೋಗಬೇಕಾಗಿದ್ದ ಕಾಲ ಅದು. ಡಾಕ್ಟ್ರು ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಇಂಥಲ್ಲಿ ನೀರು ತುಂಬಿದೆ ಎಂದರೆ ತುಂಬಿರುತ್ತಿತ್ತು, ಏನೂ ಇಲ್ಲ ಎಂದರೆ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಜನ ಅವರನ್ನು ಕಿವಿ ಡಾಕ್ಟ್ರು ಎಂದೇ ಕರೆಯುತ್ತಿದ್ದುದರಿಂದ ಕಿವಿ ಸೋರುವ ಮಕ್ಕಳನ್ನೂ ದೂರದೂರದಿಂದ ಎತ್ತಿಕೊಂಡು ಬರುತ್ತಿದ್ದರು. ಆ ಕಿವಿಯೇ ಅವರ ಅನ್ನ, ಅವರ ಮಾನ. ಅದೊಂದು ಹೋದರೆ ತಾನು ಬರೀ ಮಾತ್ರೆ ಕಟ್ಟಿಕೊಡುವವನು ಎಂದು ಅವರೇ ಹೇಳುವುದಿತ್ತು.

ಹಾಗಾಗಿ ಡಾಕ್ಟ್ರು ತಮ್ಮದೇ ಒಂದು ಶಾಸ್ತ್ರ ಕಂಡುಹಿಡಿದರು. ಹಳೆಯ ಸ್ಟೆತಾಸ್ಕೋಪಿನ ಎದೆಗಿಡುವ ಬಿಲ್ಲೆ ಕತ್ತರಿಸಿ ಎಸೆದು, ಎರಡು ಕೊಳವೆಗಳನ್ನು ಬೇರೆ ಬೇರೆ ಮಾಡಿ, ಒಂದನ್ನು ಅಣ್ಣನ ಬಾಯಿಗೂ ಒಂದನ್ನು ತಮ್ಮನ ಬಾಯಿಗೂ ಹಿಡಿಸಿದರು. ಬಲಗಿವಿಗೆ ಅಣ್ಣ, ಎಡಗಿವಿಗೆ ತಮ್ಮ, ಎರಡೂ ಏಕಕಾಲಕ್ಕೆ. ಒಂದನ್ನು ಕೇಳಿ ನೆನಪಿಟ್ಟುಕೊಂಡು ಇನ್ನೊಂದನ್ನು ಕೇಳುವ ಪಪ್ಪಾಯಿ ದಂಟಿನ ಅಂದಾಜೆಲ್ಲಿ, ಈ ವೈಜ್ಞಾನಿಕ ಹೋಲಿಕೆಯೆಲ್ಲಿ! ಕಂಪೌಂಡರ್ ಧರ್ಣಪ್ಪನನ್ನು ಕರೆದು ತೋರಿಸಿದರು. ಅವನು ಒಳ್ಳೆಯದಾಯಿತು ಎಂದು ತಲೆಯಾಡಿಸಿ ಒಳಗೆ ಹೋದ.

ಅಲ್ಲಿಂದ ಶುರುವಾಯಿತು ನೋಡಿ. ಅಬ್ದುಲ್ಲ ಸರಿಮಾಡಿ ಕಳುಹಿಸಿದ ಕಾರು ಪುಂಜಾಲಕಟ್ಟೆಯಿಂದ ಬಂಟ್ವಾಳದವರೆಗೆ ತುಟಿಪಿಟಕ್ಕೆನ್ನದೆ ಬರುತ್ತಿತ್ತು. ಮನೆಯಲ್ಲಿ ಡಾಕ್ಟ್ರು ಕೊಳವೆ ಹಾಕಿ ಪರೀಕ್ಷಿಸಿದರೆ ತಮ್ಮನ ಉಸಿರು ತೀರಾ ಸಣ್ಣ. ಥೂ, ಇವನ ದಂಟಿಗಿಷ್ಟು ಬೆಂಕಿ ಹಾಕ, ಎಂದು ಬೈದು ತಮ್ಮನ ಸ್ಕ್ರೂ ತೆರೆಯುತ್ತಿದ್ದರು. ಎರಡೂ ಕಿವಿಯಲ್ಲಿ ಸಮವಾದ ಮೇಲೆ ಸಮಾಧಾನ. ಮರುದಿನ ಕಾರು ಕೆಮ್ಮುತ್ತಿತ್ತು, ಕರಿ ಹೊಗೆ ಬಿಡುತ್ತಿತ್ತು, ಏರಿನಲ್ಲಿ ಬಂದೂಕಿನ ಹಾಗೆ ಢಂ ಎಂದು ನಿಂತುಬಿಡುತ್ತಿತ್ತು. ಪುನಃ ಅಬ್ದುಲ್ಲ, ಪುನಃ ದಂಟು, ಪುನಃ ಕೊಳವೆ. ಹೀಗೆ ಒಂದಲ್ಲ ಎರಡಲ್ಲ, ಎರಡು ವರ್ಷ. ಸ್ಪ್ರಿಂಗು ಬದಲಾಯಿಸಿದರು, ಮದ್ರಾಸಿನಿಂದ ಕಾರ್ಬುರೇಟರಿಗೆ ಹೊಸ ಸೂಜಿ ತರಿಸಿದರು, ಪೆಟ್ರೋಲಿಗೆ ನೀರು ಬೆರೆಸುತ್ತಾರೆಂದು ಗುಮಾನಿಪಟ್ಟು ಬಟ್ಟೆಯಲ್ಲಿ ಸೋಸಿದರು. ಕಾರಿಗೆ ಬುದ್ಧಿ ಬರಲಿಲ್ಲ.

ಹೆಂಡತಿ ಕುಸುಮಳ ತವರು ಮೂಡಬಿದ್ರೆ. ಹಿಂದಿನ ದೀಪಾವಳಿಗೆ ಹೊರಟವರು ಅರ್ಧ ದಾರಿಯಲ್ಲಿ ಹೊಗೆ ಬಿಟ್ಟುಕೊಂಡು ನಿಂತರು. ಡಾಕ್ಟ್ರು ಕೋಟು ಕಳಚಿ ಕೊಳವೆ ಕಿವಿಗೇರಿಸಿದ್ದೇ ತಡ, ಕುಸುಮ ರೇಷ್ಮೆ ಸೀರೆಯ ನೆರಿಗೆ ಎತ್ತಿಹಿಡಿದು, ಹಿಂದಿನಿಂದ ಬಂದ ಮೂಡಬಿದ್ರೆ ಬಸ್ಸಿಗೆ ಕೈ ಅಡ್ಡ ಮಾಡಿ ಹತ್ತಿಯೇ ಹೋದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳು ಹೇಳಿದ್ದು ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿತು. ಡಾಕ್ಟ್ರು ಅದು ಅಬ್ದುಲ್ಲನಿಗೆ ಹೇಳಿದ್ದೆಂದು ತಿಳಿದುಕೊಂಡರು.

ಅರವತ್ತರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಮುಂಡಾಜೆಯಿಂದ ಚೀಟಿ ತಂದುಕೊಟ್ಟ. ಅಲ್ಲಿನ ಶಾಲೆಯ ಉದಯಶಂಕರ ಮಾಸ್ಟ್ರು ಬರೆದದ್ದು. ಅವರ ಹೆಂಡತಿ ಶ್ರೀಮತಿಗೆ ಎಂಟು ದಿನದಿಂದ ಜ್ವರ, ಕೆಮ್ಮು, ನಿನ್ನೆಯಿಂದ ಉಸಿರಾಡಲು ಕಷ್ಟ, ತಾವೇ ಬಂದು ಎದೆ ನೋಡಬೇಕು, ತಾವು ಹೇಳಿದ ಹಾಗೆ ಮಾಡುತ್ತೇವೆ ಎಂದಿತ್ತು. ಡಾಕ್ಟ್ರು ಎದೆ ನೋಡುವ ಸ್ಟೆತಾಸ್ಕೋಪನ್ನೂ ಪೆನಿಸಿಲಿನ್ ಪೆಟ್ಟಿಗೆಯನ್ನೂ ಕಾರಿಗಿಟ್ಟು ಹೊರಟರು. ಹಿಂದಿನ ಸಂಜೆಯಷ್ಟೇ ಅಣ್ಣತಮ್ಮಂದಿರನ್ನು ತಾವೇ ಸಮ ಮಾಡಿದ್ದರಿಂದ ಧೈರ್ಯವಿತ್ತು. ಪುಂಜಾಲಕಟ್ಟೆ ಮುಟ್ಟುವಷ್ಟರಲ್ಲಿ ಕಾರು ಮೂರು ಸಲ ಢಂ ಎಂದು, ಅಬ್ದುಲ್ಲನ ವರ್ಕ್‌ಶಾಪಿನ ಎದುರಿಗೇ, ಬೇಕೆಂದು ಹಟ ಮಾಡಿದ ಹಾಗೆ, ನಿಂತಿತು.

ಡಾಕ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೊಂದು ಜೀವ ಉಸಿರಿಗೆ ಒದ್ದಾಡುತ್ತಿದೆ, ಇಲ್ಲಿ ಈ ದರಿದ್ರಕ್ಕೆ ಉಸಿರಾಟದ ಜಗಳ. ಅಬ್ದುಲ್ಲ ಬಾನೆಟ್ ಎತ್ತಿ ನೋಡಿ, ತಮ್ಮನನ್ನು ಪುನಃ ಹೆಚ್ಚು ತೆರೆದಿದ್ದೀರಿ ಡಾಕ್ಟ್ರೇ ಎಂದು ಮೆಲ್ಲಗೆ ಹೇಳಿದ. ಹೆಚ್ಚಲ್ಲ, ಸಮ ಎಂದು ಡಾಕ್ಟ್ರು ಗದರಿದರು. ಇವತ್ತು ಇದು ಇತ್ಯರ್ಥವಾಗಲೇಬೇಕು, ಒಂದೋ ನಿನ್ನ ಕಿವಿ ಸರಿ, ಇಲ್ಲವೇ ನನ್ನ ಕಿವಿ ಸರಿ, ತಪ್ಪಿದವನು ಇನ್ನು ಈ ಬಾನೆಟ್ ಮುಟ್ಟಬಾರದು ಎಂದು ಪಂಥ ಹಾಕಿದರು. ಚಹಾದ ಅಂಗಡಿಯಲ್ಲಿ ಕೂತವರು ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು.

ಅಬ್ದುಲ್ಲ ತುಂಬ ಹೊತ್ತು ಕೈಯ ಎಣ್ಣೆ ಒರೆಸಿಕೊಂಡ. ಬಂದವರನ್ನೆಲ್ಲ ಇಲ್ಲೇನು ಯಕ್ಷಗಾನ ಉಂಟಾ ಎಂದು ಕೇಳಿ ವಾಪಸು ಕಳುಹಿಸಿದ. ಆಮೇಲೆ ಡಾಕ್ಟ್ರ ಬಲಗಡೆಗೆ ಬಂದು ನಿಂತು ಹೇಳಿದ:

“ಒಂದು ಕೆಲಸ ಮಾಡುವ ಡಾಕ್ಟ್ರೇ. ಕೊಳವೆಯನ್ನು ಅದಲು ಬದಲು ಹಾಕಿ ಕೇಳಿ.”

ಇದೇನು ಮಹಾ, ಎಂದು ಡಾಕ್ಟ್ರು ಎಂಜಿನ್ ಚಾಲೂ ಮಾಡಿಸಿ ಕೊಳವೆಗಳನ್ನು ಅಡ್ಡ ದಾಟಿಸಿ ಹಿಡಿದರು. ಬಲಗಿವಿಯಲ್ಲಿ ತಮ್ಮ ಬಿರುಗಾಳಿಯ ಹಾಗೆ ಭೋರ್ಗರೆದ. ಎಡಗಿವಿಯಲ್ಲಿ ಅಣ್ಣನ ಸುದ್ದಿಯೇ ಇಲ್ಲ. ಕೊಳವೆ ಕಟ್ಟಿಕೊಂಡಿರಬೇಕೆಂದು ತೆಗೆದು ಊದಿದರು. ಗಾಳಿ ಸರಾಗ ಹೋಯಿತು. ಇನ್ನೊಮ್ಮೆ ಹಿಡಿದರು. ಅಷ್ಟೇ. ಕೊಳವೆಗಳನ್ನು ಕಿವಿಯಿಂದ ಕಿತ್ತು ಸೀಟಿಗೆಸೆದು, ಕೈ ಚಾಚಿದರು. ಅಬ್ದುಲ್ಲ ಪಪ್ಪಾಯಿ ದಂಟು ಕೊಟ್ಟ. ತಮ್ಮನ ಬಾಯಿಗೆ ಹಿಡಿದು ಬಲಗಿವಿಗಿಟ್ಟರು, ಅದೇ ಭೋರ್ಗರೆತ. ಎಡಗಿವಿಗಿಟ್ಟರು. ಯಾರೋ ಪಕ್ಕದ ಮನೆಯಲ್ಲಿ ಅಕ್ಕಿ ಕೇರುತ್ತಿದ್ದ ಹಾಗೆ ಕೇಳಿತು.

ಸಾವಿರ ರೋಗಿಗಳ ಕಾಯಿಲೆಗೆ ಹೆಸರಿಟ್ಟು ಹೇಳಿದವರಿಗೆ ಇದರ ಹೆಸರು ಬೇರೆಯವರು ಹೇಳಬೇಕಾಗಿರಲಿಲ್ಲ. ಮಡ್‌ಗಾರ್ಡಿನ ಮೇಲೆ ಕೂತರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

“ನಿನಗೆ ಮೊದಲೇ ಗೊತ್ತಿತ್ತಾ ಅಬ್ದುಲ್ಲ?”

“ಅಂದಾಜಿತ್ತು ಡಾಕ್ಟ್ರೇ.”

“ಮತ್ತೆ ಹೇಳ್ಲಿಕ್ಕೆ ಏನಾಗಿತ್ತು ಮಾರಾಯ?”

“ನಿಮ್ಮ ಕಿವಿಯ ವಿಷಯ ನಾನು ಹೇಳುವುದಾ? ಸ್ಕ್ರೂ ಸರಿ ಮಾಡಿ ಕೊಟ್ಟರೆ ಆಯ್ತು ಅಂತ ಮಾಡಿದೆ.”

ಅಬ್ದುಲ್ಲ ತಮ್ಮನನ್ನು ಎರಡು ಸುತ್ತು ಮುಚ್ಚಿ ಬಾನೆಟ್ ಹಾಕಿದ. ಬೆಳ್ತಂಗಡಿ ದಾಟಿ ಮುಂಡಾಜೆಯವರೆಗೆ ಕಾರು ಒಂದು ಸಲವೂ ಕೆಮ್ಮಲಿಲ್ಲ. ಏರು ಹತ್ತಿತು, ತಿರುವಿನಲ್ಲಿ ಹಗುರಾಗಿ ಹೊರಳಿತು, ಎರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಓಡಿದ್ದೇ ಇಲ್ಲ. ಡಾಕ್ಟ್ರಿಗೆ ಅದನ್ನು ಹೊಳೆಗೆ ನೂಕಿಬಿಡುವಷ್ಟು ಸಿಟ್ಟು ಬಂತು. ಈ ಎರಡು ವರ್ಷದಲ್ಲಿ ಏನೂ ಇಲ್ಲ, ಹೋಗಿ ಎಂದು ಕಳುಹಿಸಿದ ಎದೆಗಳೆಷ್ಟು? ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಅವರಲ್ಲಿ ಯಾರೂ ಸತ್ತಿರಲಿಲ್ಲ, ಡಾಕ್ಟ್ರಿಗೆ ಗೊತ್ತಿದ್ದ ಮಟ್ಟಿಗೆ. ಆ ಗೊತ್ತಿದ್ದ ಮಟ್ಟಿಗೆ ಎನ್ನುವ ಮಾತೇ ಈಗ ಚುಚ್ಚುತ್ತಿತ್ತು. ಸ್ಟೆತಾಸ್ಕೋಪಿಗೆ ಒಂದು ಕಿವಿ ಧಾರಾಳ ಸಾಕು ಎಂದು ಸಮಾಧಾನ ಹೇಳಿಕೊಂಡರು. ಅಬ್ದುಲ್ಲ ಬಾಯಿಬಿಡುವವನಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬಲಗಿವಿ ಎಷ್ಟು ದಿನ ಉಳಿದೀತು, ಅದು ಹೋಗುವಾಗ ತನಗೆ ಗೊತ್ತಾದೀತೇ? ಎಡಗಿವಿ ಹೋದದ್ದೇ ಗೊತ್ತಾಗಲಿಲ್ಲವಲ್ಲ.

ಮಾಸ್ಟ್ರ ಮನೆಯ ಒಳಕೋಣೆಯಲ್ಲಿ ಶ್ರೀಮತಿ ಮಂಚದ ಮೇಲೆ ದಿಂಬಿಗೊರಗಿ ಏದುಸಿರು ಬಿಡುತ್ತಿದ್ದಳು. ಮಾಸ್ಟ್ರು ಕುರ್ಚಿ ಎಳೆದು ಕೊಟ್ಟು ಡಾಕ್ಟ್ರ ಬಾಯಿಯನ್ನೇ ನೋಡುತ್ತ ನಿಂತರು. ಡಾಕ್ಟ್ರು ಕೂರಲಿಲ್ಲ. ಸ್ಟೆತಾಸ್ಕೋಪನ್ನು ಕೈಯಲ್ಲೇ ಹಿಡಿದುಕೊಂಡು, ಹೇಳಿಬಿಟ್ಟರೆ ತನ್ನ ಮಾನ ಇವತ್ತಿಗೆ ಮುಗಿಯಿತು ಎಂದುಕೊಂಡೇ ಹೇಳಿದರು:

“ಮಾಸ್ಟ್ರೇ, ನೋಡುವ ಮೊದಲು ಒಂದು ಮಾತು. ನನ್ನ ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಕೇಳಿದ್ದನ್ನು ಹೇಳ್ತೇನೆ, ಇಂಜೆಕ್ಷನ್ ಈಗಲೇ ಕೊಡ್ತೇನೆ. ಆದರೆ ನಾನು ಹೇಳಿದ್ದೇ ಕೊನೆ ಅಂತ ತಿಳ್ಕೊಳ್ಳಬೇಡಿ. ಇವರನ್ನು ಮಂಗಳೂರಿಗೆ ಕರ್ಕೊಂಡು ಹೋಗಿ ಎದೆಯ ಫೋಟೋ ತೆಗೆಸುವ.”

ಮಾಸ್ಟ್ರು ತಲೆ ತಗ್ಗಿಸಿದರು. ಉತ್ತರ ಕೊಟ್ಟದ್ದು ಬಾಗಿಲ ಬಳಿ ನಿಂತಿದ್ದ ಅವರ ತಾಯಿ ಶಂಕರಿ.

“ಅದು ನಮಗೆ ಗೊತ್ತುಂಟು ಡಾಕ್ಟ್ರೇ. ಅದಕ್ಕೇ ಬೆಳಿಗ್ಗೆ ಮಂಚ ತಿರುಗಿಸಿ ಹಾಕಿಸಿದ್ದು. ಅವಳ ಮಾತು ನಿಮ್ಮ ಬಲಕ್ಕೆ ಬರಲಿ ಅಂತ.”

ಡಾಕ್ಟ್ರು ಮಂಚ ನೋಡಿದರು. ಹೌದು, ಕುರ್ಚಿಯಲ್ಲಿ ಕೂತರೆ ಶ್ರೀಮತಿಯ ತಲೆ ಸರಿಯಾಗಿ ಅವರ ಬಲಗಡೆಗೆ ಬರುತ್ತಿತ್ತು. ಡಿಸ್ಪೆನ್ಸರಿಯಲ್ಲಿ ರೋಗಿಗಳ ಸ್ಟೂಲನ್ನು ಧರ್ಣಪ್ಪ ಯಾವಾಗ ಮೇಜಿನ ಈಚೆ ಬದಿಗೆ ತಂದಿಟ್ಟದ್ದು? ಗುಡಿಸುವಾಗ ಅಡ್ಡವಾಗುತ್ತದೆ ಎಂದಿದ್ದ. ಕುಸುಮ ಊಟಕ್ಕೆ ಯಾವಾಗಿನಿಂದ ಬಲಗಡೆ ಕೂರುತ್ತಿದ್ದಾಳೆ? ಎಡಗಡೆ ಗಾಳಿ ಬರುವುದಿಲ್ಲ ಎಂದಿದ್ದಳು. ಮುಂಡಾಜೆಯ ಅಡುಗೆಮನೆಯವರೆಗೂ ತಲುಪಿದ ಸುದ್ದಿ ಅವರೊಬ್ಬರಿಗೆ ತಲುಪಿರಲಿಲ್ಲ. ಇವರೆಲ್ಲ ಬಾಯಿಮುಚ್ಚಿಕೊಂಡು, ಮಂಚ ಕುರ್ಚಿ ಸ್ಟೂಲು ಎಳೆದಾಡಿ, ಎರಡು ವರ್ಷ ತನ್ನನ್ನು ಹುಚ್ಚನ ಹಾಗೆ ಸ್ಕ್ರೂ ತಿರುಗಿಸಲು ಬಿಟ್ಟಿದ್ದರು. ಅವರ ಮುಖ ಕೆಂಪಾಯಿತು.

“ಇಡೀ ತಾಲೂಕಿನಲ್ಲಿ ನನ್ನ ಮುಖಕ್ಕೆ ಹೇಳಿದ್ದು ಆ ದರಿದ್ರ ಕಾರು ಒಂದೇ,” ಎಂದರು.

“ಅದು ವಿಲಾಯತಿಯದ್ದಲ್ವಾ ಡಾಕ್ಟ್ರೇ,” ಎಂದಳು ಶಂಕರಿ, ಸಮಾಧಾನ ಮಾಡುವ ಸ್ವರದಲ್ಲಿ. “ಅದಕ್ಕೆ ಮರ್ಯಾದೆ ಗೊತ್ತಿಲ್ಲ. ನೀವು ಕೂತ್ಕೊಳ್ಳಿ.”

ಡಾಕ್ಟ್ರು ಕೂತರು. ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು, ದೀರ್ಘವಾಗಿ ಉಸಿರೆಳೆದುಕೊಳ್ಳಲು ಶ್ರೀಮತಿಗೆ ಹೇಳಿದರು.