ಸಾಕು ಅನ್ನುವವರು

ಮುಟ್ಟು ನಿಂತು ಹನ್ನೊಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಾಗ ಟೈಲರಮ್ಮ ಯಾರಿಗೂ ಹೇಳಲಿಲ್ಲ. ಹೇಳಲು ಮನೆಯಲ್ಲಿ ಯಾರಿದ್ದರು? ಜೊತೆಗಿದ್ದ ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಹೊಲಿಗೆಯಲ್ಲಿ ಮಿಕ್ಕ ಬಟ್ಟೆಚೂರುಗಳನ್ನೇ ಮಡಚಿಟ್ಟುಕೊಂಡು ಎರಡು ತಿಂಗಳು ತಳ್ಳಿದಳು.

ಕೊನೆಗೆ ಡಾಕ್ಟರಮ್ಮ ವರದಿ ನೋಡಿ, ಇದು ಗರ್ಭಕೋಶದ ಒಳಪದರದ ಕ್ಯಾನ್ಸರ್, ಬೇಗ ಸಿಕ್ಕಿದೆ, ಆಪರೇಷನ್ ಮಾಡೋಣ ಎಂದರು.

"ಯಾಕೆ ಬಂತು ಇದು?"

"ಈಸ್ಟ್ರೊಜನ್ ಅನ್ನೋ ಹಾರ್ಮೋನು ಆ ಪದರಾನ ಬೆಳೆಸುತ್ತೆ. ಪ್ರೊಜೆಸ್ಟರಾನ್ ಬಂದು, ಸಾಕು ನಿಲ್ಲಿಸು ಅನ್ನುತ್ತೆ. ಮುಟ್ಟು ನಿಂತ್ಮೇಲೆ ಹಾಗನ್ನೋದು ಇರಲ್ಲ. ಬೆಳೆಸೋದು ಮಾತ್ರ ಮೈಕೊಬ್ಬಿನಿಂದ ಒಂದಿಷ್ಟು ಬರ್ತಾನೇ ಇರುತ್ತೆ."

"ನಮ್ಮನೆ ಥರಾನೇ ಅನ್ನಿ. ಹೇಳೋರಿಲ್ಲ, ಕೇಳೋರಿಲ್ಲ."

ಡಾಕ್ಟರಮ್ಮ ನಕ್ಕರು. "ಜೊತೆಗೆ ಯಾರು ಬಂದಿದಾರೆ?"

ಟೈಲರಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಮನೆಗೆ ಬಂದವಳೇ ಅರ್ಧಕ್ಕೆ ಬಿಟ್ಟಿದ್ದ ಅಂಗಿ ಹಿಡಿದು ಕೂತಳು. ಕಾಲರು ಮುಗಿಯಿತು, ತೋಳು ಮುಗಿಯಿತು, ಊಟದ ಹೊತ್ತೂ ಮೀರಿತು. ಕಾಲು ಮಾತ್ರ ಮಿಷನ್ ತುಳಿಯುತ್ತಲೇ ಇತ್ತು. ಮೊದಲಾದರೆ ಇಷ್ಟು ಹೊತ್ತಿಗೆ ಅಡುಗೆಮನೆಯಿಂದ ಅಕ್ಕ ಎರಡು ಸಲ ಗದರಿರುತ್ತಿದ್ದಳು.

ಟೈಲರಮ್ಮ ತಿರುಗುವ ಚಕ್ರಕ್ಕೆ ಅಂಗೈ ಒತ್ತಿದಳು. ಅಕ್ಕನ ಹಾಗೆಯೇ ದನಿ ಎತ್ತರಿಸಿ, "ಸಾಕು ಏಳೇ, ಊಟ ಮಾಡು ಬಾ" ಎಂದಳು.

"ಬಂದೆ ಅಕ್ಕಾ" ಎಂದು ತಾನೇ ಓಗೊಟ್ಟು ಎದ್ದಳು.